ಚಿತ್ರ ನೋಡುವುದೂ ಓದುವುದೇ

ಮಾನ್ವಿ ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರ: ‘ಅಮೆರಿಕದ ಮಕ್ಕಳ ಲೇಖಕ ಎರಿಕ್ ಕಾರ್ಲ್ ಅವರ ಜನ್ಮದಿನವಾದ ಜೂನ್ 25ರಂದು ಅವರ ಹಸಿದ ಕಂಬಳಿಹುಳುವಿನ ಪುಸ್ತಕವನ್ನು ಮಕ್ಕಳಿಗೆ ತೋರಿಸಿ, ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದನ್ನು ಕಲಿಸಿದೆ. ಪರದೇಶದವರ ಸ್ಮರಣೆ ನಮಗೇಕೆ, ಚಿತ್ರ ನೋಡಿದರೆ ಓದಿದಂತಾಯಿತೇ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಒಬ್ಬ ಹುಡುಗ, “ಟೀಚರ್, ಈ ಹುಳಕ್ಕ ಎಣ್ಣಿ ಹೊಡಿಯಂಗಿಲ್ಲೇನ್ರಿ?” ಎಂದು ಕೀಟನಾಶಕದ ಬಗ್ಗೆ ಕೇಳಿದ. ನಾನು ಮಾಡಿದ್ದು ತಪ್ಪೇ?’

ಸಂಪಾದಕರ ಉತ್ತರ: ಖಂಡಿತ ತಪ್ಪಲ್ಲ, ಸೋದರಿ. ಪಂಜೆ ಮಂಗೇಶರಾಯರನ್ನು, ಜಿ.ಪಿ. ರಾಜರತ್ನಂ ಅವರನ್ನು, ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರನ್ನು ನಮ್ಮ ಮಕ್ಕಳು ಮೊದಲು ಅರಿಯಬೇಕೆಂಬುದು ನಿಮ್ಮ ಸಹೋದ್ಯೋಗಿಗಳ ಆಶಯವಾಗಿದ್ದರೆ ಅದನ್ನು ಗೌರವಿಸುತ್ತೇನೆ. ಆದರೆ ‘ಚಿತ್ರ ನೋಡಿದರೆ ಓದಿದಂತಾಯಿತೇ’ ಎಂಬ ಮಾತನ್ನು ನಾನು ಒಪ್ಪಲಾರೆ.

1969ರಲ್ಲಿ ಹೊರಬಂದ ಆ ಪುಸ್ತಕವನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳಿ. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪಿಯರ್ ಹಣ್ಣು. ಹೀಗೆ ಶುಕ್ರವಾರದ ಐದು ಕಿತ್ತಳೆಗಳವರೆಗೆ ಹಣ್ಣು ಹೆಚ್ಚಿದಂತೆ ಪುಟವೂ ಅಗಲವಾಗುತ್ತದೆ, ಪ್ರತಿ ಹಣ್ಣಿನಲ್ಲೂ ಹುಳು ಕೊರೆದ ತೂತಿರುತ್ತದೆ. ಅಕ್ಷರ ಬಾರದ ಮಗು ಆ ತೂತಿನಲ್ಲಿ ಬೆರಳಿಟ್ಟು ವಾರವನ್ನೂ ಎಣಿಕೆಯನ್ನೂ ಕಲಿಯುತ್ತದೆ. ಇದು ಓದಲ್ಲದೆ ಮತ್ತೇನು? ಕಾಗದದ ಕಟ್ಟಿಗೆ ತೂತು ಹೊಡೆಯುತ್ತಿದ್ದಾಗ ಕಾರ್ಲ್ ಅವರಿಗೆ ಹೊಳೆದದ್ದು ಇದು. ಅಂಥ ಪುಟಗಳನ್ನು ಕೈಗೆಟಕುವ ಬೆಲೆಗೆ ಮಾಡಿಕೊಡುವವರು ಅಮೆರಿಕದಲ್ಲಿ ಸಿಗದೆ ಪುಸ್ತಕವನ್ನು ಜಪಾನಿನಲ್ಲಿ ಮುದ್ರಿಸಬೇಕಾಯಿತು.

ಬಾಲ್ಯದಲ್ಲಿ ಕಾರ್ಲ್ ಅವರನ್ನು ತಂದೆ ಕಾಡಿಗೆ ಕರೆದೊಯ್ದು, ಕಲ್ಲು ಎತ್ತಿ, ತೊಗಟೆ ಸರಿಸಿ ಹುಳುಹುಪ್ಪಟೆಗಳನ್ನು ತೋರಿಸುತ್ತಿದ್ದರಂತೆ. ನಿಮ್ಮ ಹುಡುಗನ ತಂದೆಯೂ ಅವನಿಗೆ ಹುಳುವನ್ನು ತೋರಿಸಿದ್ದಾರೆ, ಬೆನ್ನಿಗೆ ಪಂಪು ಕಟ್ಟಿಕೊಂಡು, ಹತ್ತಿಯ ಸಾಲಿನಲ್ಲಿ, ವೈರಿಯೆಂದು. ಆ ವೈರಿ ಶನಿವಾರ ಸಿಕ್ಕಿದ್ದನ್ನೆಲ್ಲ ತಿಂದು ಹೊಟ್ಟೆನೋವು ತಂದುಕೊಂಡದ್ದನ್ನು ಚಿತ್ರದಲ್ಲಿ ಕಂಡಾಗ ಅವನಿಗೆ ಪ್ರಶ್ನೆ ಹುಟ್ಟಿತು. ಹೊಲವನ್ನೂ ಪುಸ್ತಕವನ್ನೂ ಕೂಡಿಸಿ ನೋಡಿದ ಆ ಹುಡುಗನೇ ನಿಮ್ಮ ತರಗತಿಯ ಅತ್ಯುತ್ತಮ ಓದುಗ.

ಇನ್ನು ನಿಮ್ಮ ಮೇಲೂ ನನ್ನದೊಂದು ಆಕ್ಷೇಪವಿದೆ. ನೀವು ಕಳುಹಿಸಿದ ಫೋಟೊದಲ್ಲಿರುವ ಫಲಕದಲ್ಲಿ ಕಾರ್ಲ್ ಅವರನ್ನು ಬರಿಯ ‘ಲೇಖಕ’ ಎಂದಿದ್ದೀರಿ. ತೆಳುಕಾಗದಕ್ಕೆ ತಾವೇ ಬಣ್ಣ ಬಳಿದು, ಕತ್ತರಿಸಿ, ಅಂಟಿಸಿ ಆ ಹುಳುವಿಗೆ ಮೈ ಕೊಟ್ಟವರು, 2002ರಲ್ಲಿ ಅಮೆರಿಕದ ಆಮ್‌ಹರ್ಸ್ಟ್‌ನಲ್ಲಿ ಚಿತ್ರಪುಸ್ತಕಗಳ ಕಲೆಗೆಂದೇ ಮ್ಯೂಸಿಯಂ ಕಟ್ಟಿದವರು ಅವರು. ನಿನ್ನೆ ರಾತ್ರಿ ನಮ್ಮ ಮನೆಯ ಕನ್ನಡ ಮಕ್ಕಳ ಪುಸ್ತಕಗಳನ್ನು ನೆಲದ ಮೇಲೆ ಹರಡಿ ನೋಡಿದೆ. ಬರೆದವರ ಹೆಸರು ಮುಖಪುಟದಲ್ಲಿದೆ. ಚಿತ್ರ ಬಿಡಿಸಿದವರ ಹೆಸರು ಒಳಪುಟದ ಸಣ್ಣಕ್ಷರದಲ್ಲಿದೆ, ಕೆಲವದರಲ್ಲಿ ಅದೂ ಇಲ್ಲ. ಕಿನ್ನಾಳದ ಗೊಂಬೆಯನ್ನು ಮನೆಯಲ್ಲಿ ಹೆಮ್ಮೆಯಿಂದ ಇಟ್ಟುಕೊಳ್ಳುವ ನಾವು ಅದಕ್ಕೆ ಬಣ್ಣ ತುಂಬಿದ ಚಿತ್ರಗಾರರ ಹೆಸರನ್ನು ಎಂದಾದರೂ ಕೇಳಿದ್ದೇವೆಯೇ?

ಆ ಫಲಕವನ್ನು ತಿದ್ದಿ ‘ಲೇಖಕ, ಚಿತ್ರಕಾರ’ ಎಂದು ಬರೆಸಿರಿ. ಮಕ್ಕಳು ಅಂಟಿಸಿದ ಹುಳುಗಳನ್ನು ಗೋಡೆಯಿಂದ ತೆಗೆಯಬೇಡಿ. ಪ್ರತಿಯೊಂದರ ಕೆಳಗೂ ಅದನ್ನು ಮಾಡಿದ ಮಗುವಿನ ಹೆಸರಿರಲಿ, ಎಣ್ಣೆಯ ಪ್ರಶ್ನೆ ಕೇಳಿದ ಹುಡುಗನದು ಮೊದಲಿಗೆ.