ಪುತ್ತರಿ ಗುಂಡಿನ ಸದ್ದಿಗೆ ನಡುಗುವ ನಾಯಿ

ಪ್ರಶ್ನೆ: ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸಿದರೆ ಸಾಕು, ನಮ್ಮ ನಾಯಿ ಮಂಚದಡಿ ಸೇರಿ ನಡುಗುತ್ತದೆ. ನೆಂಟರೊಬ್ಬರು ಚೀನಾದ ಗಿಡಮೂಲಿಕೆ ಮಾತ್ರೆ ತಂದುಕೊಟ್ಟಿದ್ದಾರೆ. ಕೊಡಬಹುದಾ?
– ಓದುಗರು, ವಿರಾಜಪೇಟೆ

ಉತ್ತರ: ಸುಮ್ನೆ ಕೊಡಬೇಡಿ. ಮೊದಲು ಡಬ್ಬಿಯ ಹಿಂದೆ ಏನು ಬರೆದಿದೆ ನೋಡಿ. ಚೀನೀ ವೈದ್ಯದಲ್ಲಿ ಗಾಬರಿಗೆ, ನಿದ್ದೆಗೆ ಬಳಸುವುದು ಸುವಾನ್ ಜಾವೊ ರೆನ್, ಅಂದರೆ ನಮ್ಮ ಎಲಚಿ ಹಣ್ಣಿನ ಜಾತಿಯದೇ ಒಂದು ಬೀಜ. ನಾಯಿಗಳಲ್ಲಿ ಅದು ಕೆಲಸ ಮಾಡುತ್ತದೆ ಅನ್ನಲು ಗಟ್ಟಿ ಪುರಾವೆ ಕಡಿಮೆ. ಮಾ ಹುವಾಂಗ್ ಅನ್ನೋ ಇನ್ನೊಂದು ಚೀನೀ ಮೂಲಿಕೆ ಇದ್ದರಂತೂ ಮುಟ್ಟಲೇಬೇಡಿ, ಅದರಲ್ಲಿರುವ ಎಫೆಡ್ರಿನ್ ಎದೆಬಡಿತ ಏರಿಸಿ ನಾಯಿಗೆ ಫಿಟ್ಸ್ ತರಿಸಬಹುದು. ಬರೀ ಚೀನೀ ಅಕ್ಷರವೇ ಇದ್ದರೆ? ಡಬ್ಬಿ ಹಾಗೇ ಎತ್ತಿಡಿ, ನೆಂಟರಿಗೆ ಬೇಜಾರಾದರೂ ಪರವಾಗಿಲ್ಲ. ಹಬ್ಬದ ರಾತ್ರಿ ಒಳಕೋಣೆಯ ಕಿಟಕಿ ಮುಚ್ಚಿ, ಹಳೇ ಕಂಬಳಿ ಹಾಸಿ, ಟಿವಿ ಹಾಕಿ, ಜೊತೆಗೊಬ್ಬರು ಕೂರಿ. ನಡುಕ ತೀರಾ ಜಾಸ್ತಿಯಾದರೆ ಹಬ್ಬಕ್ಕೆ ಮುಂಚೆಯೇ ಪಶುವೈದ್ಯರಿಗೆ ತೋರಿಸಿ.