ವಾಯ್ಸ್ ಕಾಲ್ ಅರ್ಜಿ ವಾಪಸ್ ಬಂದಿದ್ದರೆ

ಚುನಾವಣಾ ಪ್ರಚಾರಕ್ಕೆ ಅಭ್ಯರ್ಥಿಯ ದನಿ ರೆಕಾರ್ಡ್ ಮಾಡಿ ಮತದಾರರಿಗೆ ಮಾಡಿಸುವ ಕರೆಗೆ ಅನುಮತಿ ಕೇಳಿದ್ದು ವಾಪಸ್ ಬಂತು ಅಂದಿರಲ್ಲ, ಬಹುಶಃ ಆಡಿಯೋ ಜೊತೆ ಅದರ ಬರಹ ಇಟ್ಟಿಲ್ಲ. ನಿಮ್ಮ ಅರ್ಜಿ ನೋಡದೆ ಹೇಳುತ್ತಿದ್ದೇನೆ, ಆದರೆ ನಮ್ಮದೂ ಹೀಗೇ ಆಗಿತ್ತು. ಬರೀ ಪೆನ್‌ಡ್ರೈವ್ ಕೊಟ್ಟು ಬಂದಿದ್ದೆವು.

ಮೊದಲು ಆಡಿಯೋದಲ್ಲಿರುವುದನ್ನೆಲ್ಲ ಅಕ್ಷರ ಬಿಡದೆ ಬರೆಸಿ. ಶುರುವಿನ "ನಮಸ್ಕಾರ, ನಾನು ನಿಮ್ಮ..." ಕೂಡ ಬೇಕು. ಅದನ್ನು ದೃಢೀಕರಿಸಿ, ಆಡಿಯೋದ ಎರಡು ಪ್ರತಿ, ತಯಾರಿಕೆಯ ಖರ್ಚು, ಕರೆ ಮಾಡಿಸುವ ಖರ್ಚು ಸೇರಿಸಿ ಜಿಲ್ಲಾ ಎಂಸಿಎಂಸಿಗೆ, ಅಂದರೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗೆ ಕೊಡಿ. ಪಕ್ಷದ ರಾಜ್ಯ ಕಚೇರಿಯೇ ಮಾಡಿಸುವುದಾದರೆ ರಾಜ್ಯ ಮಟ್ಟದ ಸಮಿತಿಗೆ. ಅಭ್ಯರ್ಥಿ, ನೋಂದಾಯಿತ ಪಕ್ಷ ಆದರೆ ಕರೆ ಶುರುವಾಗುವ ಕನಿಷ್ಠ 3 ದಿನ ಮುಂಚೆ ಅರ್ಜಿ ಕೊಡಬೇಕು, ಉಳಿದವರು 7 ದಿನ ಮುಂಚೆ. ಕರೆ ಮಾಡುವ ಏಜೆನ್ಸಿಗೆ ನಗದು ಕೊಡಬೇಡಿ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಆಡಿಯೋ ಮುಟ್ಟಬೇಡಿ. ಒಂದು ಸಾಲು ಬದಲಿಸಿದರೂ ಮತ್ತೆ ಅರ್ಜಿ ಹಾಕಿ.

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಕರೆ ನಿಲ್ಲಬೇಕು. ಆ ತಾರೀಖು, ಗಂಟೆ ಏಜೆನ್ಸಿಗೆ ಬರೆದೇ ಕೊಡಿ. ಇಲ್ಲದಿದ್ದರೆ ಅವರ ಕಂಪ್ಯೂಟರ್ ತನ್ನ ಪಾಡಿಗೆ ಕರೆ ಮಾಡುತ್ತಲೇ ಇರುತ್ತದೆ, ಅಲ್ವಾ?