ರಾತ್ರಿ ಮಗುವಿಗೆ ಜ್ವರ ಬಂದರೆ 111: ಲೆಸ್ಟರ್‌ಗೆ ಹೊಸದಾಗಿ ಬಂದವರಿಗೆ

ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಕೆಲವೇ ವಾರ ಆಗಿದೆ, ಜೊತೆಗೆ ಹೆಂಡತಿ ಮತ್ತು ಎರಡು ವರ್ಷದ ಮಗು ಅಂತ ಬರೆದಿದ್ದೀರಿ. ಶನಿವಾರ ರಾತ್ರಿ ಮಗುವಿಗೆ ಜ್ವರ ಬಂತು. ಆಫೀಸಿನವರೊಬ್ಬರು 111ಕ್ಕೆ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಸಲಹಾ ನಂಬರಿಗೆ, ಫೋನ್ ಮಾಡಿ ಅಂದರು. ಇನ್ನೊಬ್ಬರು ಅದರಿಂದ ಏನೂ ಆಗಲ್ಲ, ನೇರ ಆಸ್ಪತ್ರೆಗೆ ಹೋಗಿ ಅಂದರು. ಯಾರ ಮಾತು ಕೇಳಬೇಕು ಅಂತ ಗೊತ್ತಾಗದೆ ಇಬ್ಬರೂ ಬೆಳಗಿನವರೆಗೆ ಮಗುವಿನ ಪಕ್ಕ ಕೂತಿದ್ದಿರಿ. ಈಗ ಮಗು ಆಡಿಕೊಂಡಿದೆ ಅಂತ ಓದಿ ಸಮಾಧಾನ ಆಯಿತು. ಫೋನ್ ಮಾಡಿದರೆ ದುಡ್ಡು ಕಟ್ಟಬೇಕಾ, ನಮ್ಮ ಇಂಗ್ಲಿಷ್ ಅವರಿಗೆ ಅರ್ಥ ಆಗುತ್ತಾ, ಊರಿಂದ ಅಮ್ಮ ಬಂದಾಗ ಅವರಿಗೂ ಇದು ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಬಹಳ ವರ್ಷದಿಂದ ರೆಡಿಂಗ್‌ನಲ್ಲಿದ್ದೇನೆ, ಮಕ್ಕಳನ್ನು ಇಲ್ಲೇ ಬೆಳೆಸಿದ್ದೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ಮುಂದಿನ ಸಲ ಫೋನ್ ಮಾಡಿ. ರಾತ್ರಿ ಎರಡು ಗಂಟೆ ಆಗಿದ್ದರೂ ಮಾಡಿ. ಅವರಿಗೆ ಯಾಕೆ ತೊಂದರೆ ಕೊಡೋದು ಅನ್ನೋ ಸಂಕೋಚ ನಮ್ಮವರಲ್ಲಿ ಜಾಸ್ತಿ. ಆ ಹೊತ್ತಿನಲ್ಲಿ ಫೋನ್ ಎತ್ತುವುದಕ್ಕೆಂದೇ ಅಲ್ಲಿ ಜನ ಕೂತಿರುತ್ತಾರೆ. ವರ್ಷದ ಎಲ್ಲಾ ದಿನ, ದಿನದ 24 ಗಂಟೆಯೂ ಅದು ತೆರೆದಿರುತ್ತದೆ. ಲ್ಯಾಂಡ್‌ಲೈನಿಂದಾಗಲಿ ಮೊಬೈಲಿಂದಾಗಲಿ ಕರೆಗೆ ಒಂದು ಪೆನ್ನಿಯೂ ಬೀಳುವುದಿಲ್ಲ. ವೀಸಾಕ್ಕೆ ಅರ್ಜಿ ಹಾಕುವಾಗ ಆರೋಗ್ಯ ಸರ್‌ಚಾರ್ಜ್ ಅಂತ ಕಟ್ಟಿರುತ್ತೀರಿ, ಅಲ್ವಾ? 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ಅದು ಇಲ್ಲ. ಅಷ್ಟು ಕೊಟ್ಟು ಬಂದವರು ಎನ್‌ಎಚ್‌ಎಸ್ ಬಳಸಲು ಹಿಂದೆ ಮುಂದೆ ನೋಡಬೇಕಾಗಿಲ್ಲ. ಕಟ್ಟದೆ ಬಂದವರಿಗೂ ಈ ಫೋನ್ ಸಲಹೆ ಉಚಿತವೇ.

ನಿಮ್ಮ ಆಫೀಸಿನ ಎರಡನೆಯವರು ಯಾಕೆ ಹಾಗೆ ಹೇಳಿದರು ಅಂತ ಊಹಿಸಬಲ್ಲೆ. 111ಕ್ಕೆ ಮಾಡಿದರೆ ಡಾಕ್ಟರ್ ಸಿಗುತ್ತಾರೆ, ಔಷಧಿ ಹೆಸರು ಹೇಳುತ್ತಾರೆ ಅಂತ ಅಂದುಕೊಂಡು ಮಾಡಿದವರಿಗೆ ಬೇಸರ ಆಗುತ್ತದೆ. ಮೊದಲು ಫೋನ್ ಎತ್ತುವವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ತರಬೇತಿ ಪಡೆದ ಸಲಹೆಗಾರರು. ಅವರ ಮುಂದಿನ ಕಂಪ್ಯೂಟರಿನಲ್ಲಿ ಎನ್‌ಎಚ್‌ಎಸ್ ಪಾಥ್‌ವೇಸ್ ಅನ್ನುವ ವ್ಯವಸ್ಥೆ ಇರುತ್ತದೆ. ಅದು ಒಂದೊಂದೇ ಪ್ರಶ್ನೆ ಕೊಡುತ್ತದೆ, ಅವರು ಕೇಳುತ್ತಾರೆ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಮೊದಲು ಅಪಾಯದ್ದನ್ನು ಬೇರೆ ಮಾಡುತ್ತಾರೆ. ಅದಕ್ಕೇ ಕಿವಿನೋವು ಅಂತ ಫೋನ್ ಮಾಡಿದರೂ ಉಸಿರಾಟ ಸರಿ ಇದೆಯಾ, ಎಚ್ಚರ ಇದೆಯಾ, ರಕ್ತ ಹೋಗುತ್ತಿದೆಯಾ ಅಂತ ಶುರು ಮಾಡುತ್ತಾರೆ. ಮೊದಲ ಸಲ ಕೇಳುವಾಗ ಇದು ವಿಚಿತ್ರ ಅನಿಸುತ್ತದೆ. ಮಗು ಅಳುತ್ತಿರುವಾಗ ಸಿಟ್ಟೂ ಬರಬಹುದು. ಆದರೆ ಆ ಪ್ರಶ್ನೆಗಳಿಗೆ ಇಲ್ಲ, ಇಲ್ಲ ಅಂತ ಉತ್ತರ ಕೊಡುತ್ತಾ ಹೋದ ಹಾಗೆ ಕೆಟ್ಟ ಸಾಧ್ಯತೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಹಾಗಾಗಿ ತಾಳ್ಮೆಯಿಂದ ಉತ್ತರ ಕೊಡಿ.

ಹೆಸರು, ಹುಟ್ಟಿದ ತಾರೀಖು, ಪೋಸ್ಟ್‌ಕೋಡ್, ನಿಮ್ಮ ಜಿಪಿ (ನೀವು ಹೆಸರು ಬರೆಸಿದ ಸ್ಥಳೀಯ ಡಾಕ್ಟರ್) ಯಾರು ಅಂತ ಮೊದಲೇ ಕೇಳುತ್ತಾರೆ. ಹೊಸ ಮನೆಯ ಪೋಸ್ಟ್‌ಕೋಡ್ ಗಾಬರಿಯಲ್ಲಿ ನೆನಪಾಗುವುದಿಲ್ಲ. ಬರೆದು ಫ್ರಿಜ್ ಮೇಲೆ ಅಂಟಿಸಿಡಿ.

ಜ್ವರದ ವಿಷಯದಲ್ಲಿ ನಮಗೆ ಒಂದು ತೊಡಕು ಇದೆ. ನಾವು 102 ಜ್ವರ ಅನ್ನುತ್ತೇವೆ, ಇಲ್ಲಿ ಎಲ್ಲಾ ಸೆಲ್ಸಿಯಸ್. 102 ಅಂದರೆ ಸುಮಾರು 38.9. ಇಲ್ಲಿಯದೇ ಒಂದು ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಮೂರು ತಿಂಗಳೊಳಗಿನ ಕೂಸಿಗೆ 38 ಅಥವಾ ಅದಕ್ಕಿಂತ ಜಾಸ್ತಿ, ಮೂರರಿಂದ ಆರು ತಿಂಗಳ ಕೂಸಿಗೆ 39 ಅಥವಾ ಜಾಸ್ತಿ ಇದ್ದರೆ ಕಾಯದೆ ಫೋನ್ ಮಾಡಬೇಕು. ನಿಮ್ಮ ಮಗು ಅದಕ್ಕಿಂತ ದೊಡ್ಡದು. ಅದಕ್ಕೆ ಅಂಕಿಗಿಂತ ಮಗು ಹೇಗಿದೆ ಅನ್ನೋದನ್ನೇ ಅವರು ಜಾಸ್ತಿ ಕೇಳುತ್ತಾರೆ. ನೀರು, ಹಾಲು ಕುಡಿಯುತ್ತಿದೆಯಾ? ನ್ಯಾಪಿ ಒದ್ದೆ ಆಗುತ್ತಿದೆಯಾ? ಎಬ್ಬಿಸಿದರೆ ಏಳುತ್ತದಾ? ಜ್ವರ ಎಷ್ಟು ದಿನದಿಂದ ಇದೆ? ಐದು ದಿನ ಅಥವಾ ಅದಕ್ಕಿಂತ ಜಾಸ್ತಿ ಆಗಿದ್ದರೆ ಹೇಗಿದ್ದರೂ ತೋರಿಸಬೇಕು. ಇದನ್ನೆಲ್ಲ ನೋಡಿಕೊಂಡು ಫೋನ್ ಮಾಡಿದರೆ ಮಾತು ಬೇಗ ಮುಗಿಯುತ್ತದೆ. ಔಷಧಿ ಕೊಟ್ಟಿದ್ದರೆ ಬಾಟಲಿ ಕೈಯಲ್ಲಿ ಹಿಡಿದುಕೊಳ್ಳಿ. ಊರಿಂದ ತಂದ ಪ್ಯಾರಾಸಿಟಮಾಲ್ ಸಿರಪ್ಪು ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತವೆ. 5 ಮಿಲೀಗೆ ಎಷ್ಟು ಮಿಲಿಗ್ರಾಂ ಅಂತ ಓದಿ ಹೇಳಬೇಕು. ಚಮಚದ ಲೆಕ್ಕ ಅವರಿಗೆ ಸಾಲದು.

ಇನ್ನೊಂದು ಮುಖ್ಯ ವಿಷಯ, ನಮ್ಮ ಚರ್ಮದ ಬಣ್ಣದವರು ತಿಳಿದಿರಲೇಬೇಕು. ಮಗು ಬಿಳಿಚಿಕೊಂಡಿದೆಯಾ, ನೀಲಿ ಆಗಿದೆಯಾ, ಮೈಮೇಲೆ ಗುಳ್ಳೆ ಎದ್ದಿದೆಯಾ ಅಂತ ಕೇಳುತ್ತಾರೆ. ಕಂದು ಮೈಬಣ್ಣದ ಮೇಲೆ ಇದು ಸುಲಭಕ್ಕೆ ಕಾಣುವುದಿಲ್ಲ. ತುಟಿ, ನಾಲಿಗೆ, ಅಂಗೈ, ಅಂಗಾಲು ನೋಡಿ ಹೇಳಿ. ಗುಳ್ಳೆ ಅಥವಾ ಮಚ್ಚೆ ಇದ್ದರೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದಾಗಲೂ ಮಾಸದಿದ್ದರೆ 111 ಬೇಡ, ತುರ್ತು ಆಂಬುಲೆನ್ಸ್ ನಂಬರ್ 999ಕ್ಕೆ ಮಾಡಿ. ಅದು ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಅಥವಾ ಸೆಪ್ಸಿಸ್ (ಸೋಂಕಿನಿಂದ ಜೀವಕ್ಕೇ ಅಪಾಯ ತರುವ ಸ್ಥಿತಿ) ಇರಬಹುದು.

ಉತ್ತರ ಕೊಡುವಾಗ ನಮ್ಮವರು ಎರಡು ತರಹ ಎಡವುವುದನ್ನು ನೋಡಿದ್ದೇನೆ. ಕೆಲವರು ಬೇಗ ಡಾಕ್ಟರ್ ಸಿಗಲಿ ಅಂತ ಇಲ್ಲದ್ದನ್ನು ಸೇರಿಸುತ್ತಾರೆ. ಉಸಿರಾಡಲು ಕಷ್ಟ ಅಂದುಬಿಟ್ಟರೆ ಮನೆ ಮುಂದೆ ಆಂಬುಲೆನ್ಸ್ ಬರುತ್ತದೆ, ಅದು ನಿಜವಾಗಿ ಬೇಕಿದ್ದವರಿಗೆ ತಡ ಆಗುತ್ತದೆ. ಇನ್ನು ಕೆಲವರು, ಅದರಲ್ಲೂ ಹಿರಿಯರು, ಎಲ್ಲವನ್ನೂ ಕಡಿಮೆ ಮಾಡಿ ಹೇಳುತ್ತಾರೆ. ಏನಿಲ್ಲ, ಸ್ವಲ್ಪ ಗ್ಯಾಸು ಅನ್ನುತ್ತಾರೆ. ಇದು ನನಗೆ ಹೆಚ್ಚು ಭಯ ತರಿಸುವುದು. ನನ್ನ ಮಾವ ಇಲ್ಲಿಗೆ ಬಂದಿದ್ದಾಗ ಒಂದು ಸಂಜೆ ಎದೆ ಹಿಡಿದಂತಾಗುತ್ತಿದೆ ಅಂದರು. ಬಿಸಿನೀರು, ಓಮ ಕೊಟ್ಟರೆ ಸಾಕು ಅಂತ ಅವರದೇ ಹಟ. ನನ್ನ ಹೆಂಡತಿ 111ಕ್ಕೆ ಮಾಡಿದಳು. ನಾಲ್ಕೈದು ಪ್ರಶ್ನೆಯಲ್ಲೇ ಆ ಕಡೆಯವರು ಆಂಬುಲೆನ್ಸ್ ಕಳಿಸುತ್ತಿದ್ದೇವೆ ಅಂದರು. ನಾವು ಮತ್ತೆ 999ಕ್ಕೆ ಮಾಡಬೇಕಾಗಲಿಲ್ಲ, ಅಲ್ಲಿಂದಲೇ ವ್ಯವಸ್ಥೆ ಆಯಿತು. ಪ್ಯಾರಾಮೆಡಿಕ್‌ಗಳು ಬಂದು ಮನೆಯ ಸೋಫಾ ಮೇಲೇ ಇಸಿಜಿ ತೆಗೆದರು. ಹೃದಯದ ತೊಂದರೆ ಇರಲಿಲ್ಲ. ಆ ಹೆಂಗಸು ಫೋನಿನಲ್ಲಿ ಎಷ್ಟು ಸಮಾಧಾನವಾಗಿ ಮಾತಾಡಿದರು ಅಂತ ಮಾವ ಊರಿಗೆ ಹೋದ ಮೇಲೂ ಹೇಳುತ್ತಿದ್ದರು. ಆದರೂ ನಿಮಗೆ ಹೇಳುತ್ತೇನೆ, ಎದೆನೋವು, ಮುಖ ಅಥವಾ ಕೈ ಒಂದು ಕಡೆ ಜೋತು ಬೀಳುವುದು, ಮಾತು ತೊದಲುವುದು, ಉಸಿರು ಸಿಗದಿರುವುದು, ನಿಲ್ಲದ ರಕ್ತ, ಮೊದಲ ಸಲ ಫಿಟ್ಸ್ ಬರುವುದು, ಇವಕ್ಕೆಲ್ಲ ನೇರ 999.

ಪ್ರಶ್ನೆ ಮುಗಿದ ಮೇಲೆ ಏನಾಗುತ್ತದೆ ಅನ್ನೋದು ಕೇಸಿನ ಮೇಲೆ ಹೋಗುತ್ತದೆ. ಮನೆಯಲ್ಲೇ ನೋಡಿಕೊಳ್ಳಿ ಅನ್ನಬಹುದು. ಫಾರ್ಮಸಿಗೆ ಕಳಿಸಬಹುದು. ಅರ್ಜೆಂಟ್ ಟ್ರೀಟ್‌ಮೆಂಟ್ ಸೆಂಟರ್‌ನಲ್ಲಿ ಅಥವಾ ರಾತ್ರಿ ಪಾಳಿಯ ಜಿಪಿ ಹತ್ತಿರ ಸಮಯ ಗೊತ್ತುಮಾಡಿ ಕೊಡಬಹುದು. ಬೇಕಾದರೆ ಎ ಅಂಡ್ ಇಗೂ (ಆಸ್ಪತ್ರೆಯ ತುರ್ತು ವಿಭಾಗಕ್ಕೂ) ಇಷ್ಟು ಹೊತ್ತಿಗೆ ಬನ್ನಿ ಅಂತ ಹೇಳುತ್ತಾರೆ. ಎಷ್ಟೋ ಸಲ ನರ್ಸ್ ಅಥವಾ ಡಾಕ್ಟರ್ ತಿರುಗಿ ಫೋನ್ ಮಾಡುತ್ತಾರೆ ಅನ್ನುತ್ತಾರೆ. ಇಲ್ಲಿ ಗಮನ ಇಡಿ. ಆ ಕರೆ ಬಂದಾಗ ನಂಬರ್ ಕಾಣಿಸದೆ ಇರಬಹುದು. ಗೊತ್ತಿಲ್ಲದ ಕರೆ ಎತ್ತದಿರುವ ಅಭ್ಯಾಸ ಇದ್ದರೆ ಆ ರಾತ್ರಿ ಬಿಡಿ. ಫೋನ್ ಸೈಲೆಂಟ್‌ನಲ್ಲಿ ಇಡಬೇಡಿ. ಚಳಿಗಾಲದಲ್ಲಿ, ವಾರದ ಕೊನೆಯಲ್ಲಿ ಈ ಕರೆ ಬರಲು ಗಂಟೆಗಳೇ ಆಗಬಹುದು. ಅಷ್ಟರಲ್ಲಿ ಮಗುವಿನ ಸ್ಥಿತಿ ಬದಲಾದರೆ ಅವರಿಗಾಗಿ ಕಾಯುತ್ತಾ ಕೂರಬೇಡಿ. ಮತ್ತೆ 111ಕ್ಕೆ ಮಾಡಿ, ಬದಲಾಗಿದೆ ಅಂತಲೇ ಮೊದಲ ಮಾತು ಹೇಳಿ. ಮನೆಯಲ್ಲೇ ನೋಡಿಕೊಳ್ಳಿ ಅಂದಾಗ ನಿಮಗೆ ಒಪ್ಪಿಗೆ ಆಗದಿದ್ದರೆ, ಯಾವ ಲಕ್ಷಣ ಕಂಡರೆ ಮತ್ತೆ ಫೋನ್ ಮಾಡಬೇಕು ಅಂತ ಕೇಳಿ ಬರೆದುಕೊಳ್ಳಿ.

ಎನ್‌ಎಚ್‌ಎಸ್ 111 ಆನ್‌ಲೈನ್ ಕೂಡ ಇದೆ, ಅದೇ ತರಹದ ಪ್ರಶ್ನೆಗಳು ಪರದೆ ಮೇಲೆ ಬರುತ್ತವೆ. ಆದರೆ ಅದು ಐದು ವರ್ಷ ಮೇಲ್ಪಟ್ಟವರಿಗೆ ಮಾತ್ರ. ನಿಮ್ಮ ಮಗುವಿಗೆ ಫೋನೇ ಮಾಡಬೇಕು.

ಭಾಷೆಯ ಚಿಂತೆ ಬಿಡಿ. ಅವರು ದಿನವಿಡೀ ನೂರು ತರಹದ ಇಂಗ್ಲಿಷ್ ಕೇಳುವವರು. ನಿಧಾನವಾಗಿ, ಸಣ್ಣ ವಾಕ್ಯದಲ್ಲಿ ಹೇಳಿ. ಅರ್ಥ ಆಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಧೈರ್ಯವಾಗಿ ಕೇಳಿ. ಕಾಯಿಲೆ ನಿಮ್ಮ ಹೆಂಡತಿಗೋ ಅಮ್ಮನಿಗೋ ಆದರೆ ಅವರ ಹತ್ತಿರವೇ ಮಾತಾಡಬೇಕು ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಗಂಡಸರೇ ಫೋನ್ ಹಿಡಿದು ಎಲ್ಲಾ ಹೇಳಿಬಿಡುತ್ತೇವೆ. ಅದು ಬೇಡ. ಹೆಣ್ಣುಮಕ್ಕಳು ಗಂಡನ ಮುಂದೆ, ಮಗನ ಮುಂದೆ ಹೇಳದ ಎಷ್ಟೋ ಸಂಗತಿ ಇರುತ್ತವೆ. ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಇಂಟರ್‌ಪ್ರಿಟರ್ ಬೇಕು, ಭಾಷೆ ಕನ್ನಡ, ದಕ್ಷಿಣ ಭಾರತದ್ದು ಅಂತ ಬಿಡಿಸಿ ಹೇಳಿ. ಅದಕ್ಕೂ ದುಡ್ಡಿಲ್ಲ, ಸ್ವಲ್ಪ ಹೊತ್ತು ಕಾಯಬೇಕಾಗಬಹುದು ಅಷ್ಟೆ. ನಮ್ಮ ರಾಜ್ಯದ 104 ಸಹಾಯವಾಣಿ ಬಳಸಿದ್ದರೆ ಫೋನಿನಲ್ಲಿ ಆರೋಗ್ಯ ಸಲಹೆ ಕೇಳುವುದು ಅಮ್ಮನಿಗೆ ಹೊಸದೂ ಅಲ್ಲ.

ಮನಸ್ಸಿನ ಕಷ್ಟಕ್ಕೂ ಇದೇ ನಂಬರ್. ಇಂಗ್ಲೆಂಡಿನಲ್ಲಿ 111 ಒತ್ತಿ 2 ಆರಿಸಿದರೆ ಮಾನಸಿಕ ಆರೋಗ್ಯದ ತಂಡ ಸಿಗುತ್ತದೆ. ಹೊಸದಾಗಿ ಬಂದ ಮೊದಲ ಚಳಿಗಾಲ ಕಷ್ಟದ್ದು. ನಾಲ್ಕು ಗಂಟೆಗೆ ಕತ್ತಲಾಗುತ್ತದೆ, ಮನೆಯಲ್ಲಿ ಮಗು ಜೊತೆ ಒಬ್ಬರೇ ಇರುವವರಿಗೆ ಇನ್ನೂ ಕಷ್ಟ. ಇದನ್ನು ನಿಮ್ಮ ಹೆಂಡತಿಗೂ ತಿಳಿಸಿ.

ಸಣ್ಣಪುಟ್ಟದ್ದಕ್ಕೆ ಫಾರ್ಮಸಿ ಮರೆಯಬೇಡಿ. ನಮ್ಮ ಮೆಡಿಕಲ್ ಶಾಪಿನ ಹಾಗೆ ಆಂಟಿಬಯೋಟಿಕ್ ಕೇಳಿದರೆ ಕೊಡುವುದಿಲ್ಲ. ಆದರೆ 2024ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಫಾರ್ಮಸಿ ಫಸ್ಟ್ ಅನ್ನುವ ಯೋಜನೆ ಇದೆ. ಗಂಟಲು ನೋವು, ಮಕ್ಕಳ ಕಿವಿನೋವು, ಸೈನಸ್, ಸರ್ಪಸುತ್ತು, ಹೆಂಗಸರ ಉರಿಮೂತ್ರ ಹೀಗೆ ಏಳು ತೊಂದರೆಗಳಿಗೆ ಫಾರ್ಮಸಿಸ್ಟೇ ನೋಡಿ, ಅಗತ್ಯ ಇದ್ದರೆ ಔಷಧಿ ಕೊಡಬಹುದು. ಪ್ರತಿದಿನದ ಮಾತ್ರೆ ಮುಗಿದುಹೋಗಿ ಜಿಪಿ ಬಾಗಿಲು ಹಾಕಿದ್ದರೆ ಅದಕ್ಕೂ 111 ದಾರಿ ತೋರಿಸುತ್ತದೆ. ಊರಲ್ಲಿರುವ ಡಾಕ್ಟರ್ ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡುವುದರಲ್ಲಿ ತಪ್ಪಿಲ್ಲ, ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಅವರು ಬರೆದ ಚೀಟಿ ಇಲ್ಲಿ ನಡೆಯುವುದಿಲ್ಲ, ಮಗುವನ್ನು ಮುಟ್ಟಿ ನೋಡಲೂ ಅವರಿಗೆ ಆಗುವುದಿಲ್ಲ.

ಜಿಪಿಯಲ್ಲಿ ಇನ್ನೂ ಹೆಸರು ಬರೆಸಿಲ್ಲ ಅಂದಿದ್ದೀರಿ. ಈ ವಾರವೇ ಬರೆಸಿ. ಬಾಡಿಗೆ ಕರಾರು ಕೈಗೆ ಬರಲಿ ಅಂತ ಕಾಯುವುದು ಬೇಡ. ವಿಳಾಸದ ಪುರಾವೆ ಇಲ್ಲ ಅನ್ನುವ ಕಾರಣಕ್ಕೆ ನಿರಾಕರಿಸುವ ಹಾಗಿಲ್ಲ. ಜಿಪಿ ಇಲ್ಲದಿದ್ದರೂ 111 ಸಹಾಯ ಮಾಡುತ್ತದೆ, ಆದರೆ ಇದ್ದರೆ ನಿಮ್ಮ ಕರೆಯ ವಿವರ ಅಲ್ಲಿಗೆ ಹೋಗುತ್ತದೆ.

ಇನ್ನು ಅಮ್ಮನ ವಿಷಯ. ವಿಸಿಟರ್ ವೀಸಾದಲ್ಲಿ ಬಂದವರೂ 111ಕ್ಕೆ ಫೋನ್ ಮಾಡಬಹುದು. ಎ ಅಂಡ್ ಇನಲ್ಲಿ ನೋಡುವುದಕ್ಕೂ ಹಣ ಇಲ್ಲ. ಆದರೆ ಆಸ್ಪತ್ರೆಗೆ ದಾಖಲಾದ ಕ್ಷಣದಿಂದ ಬಿಲ್ ಶುರು, ಅದೂ ಎನ್‌ಎಚ್‌ಎಸ್ ವೆಚ್ಚದ ಒಂದೂವರೆ ಪಟ್ಟು. ಆದ್ದರಿಂದ ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಕರೆಸಬೇಡಿ. ಬಿಪಿ, ಶುಗರ್ ಇದ್ದರೆ ಅದನ್ನು ಮುಚ್ಚಿಡದೆ ಬರೆಸಿ, ಇಲ್ಲದಿದ್ದರೆ ಕ್ಲೇಮ್ ಮಾಡುವಾಗ ತೊಂದರೆ. ಅವರ ಮಾತ್ರೆಗಳ ಪಟ್ಟಿಯನ್ನು ಹೊರಡುವ ಮೊದಲೇ ಅವರ ಡಾಕ್ಟರ್ ಹತ್ತಿರ ಬರೆಸಿ. ಬ್ರ್ಯಾಂಡ್ ಹೆಸರು ಸಾಲದು. ಎಕೋಸ್ಪ್ರಿನ್ ಅಂದರೆ ಇಲ್ಲಿನವರಿಗೆ ತಿಳಿಯುವುದಿಲ್ಲ, ಆಸ್ಪಿರಿನ್ ಅನ್ನಬೇಕು. ಗ್ಲೈಕೋಮೆಟ್ ಅಂದರೆ ಮೆಟ್‌ಫಾರ್ಮಿನ್, ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್. ಶುಗರ್ ಅಂಕಿಯೂ ಇಲ್ಲಿ ಬೇರೆ ಅಳತೆ. ನಮ್ಮ ಅಂಕಿಯನ್ನು 18ರಿಂದ ಭಾಗಿಸಬೇಕು, 180 ಇದ್ದರೆ ಇಲ್ಲಿ 10. ಫೋನಿನಲ್ಲಿ ಸುಮ್ನೆ 180 ಅಂದರೆ ಆ ಕಡೆಯವರು ಗೊಂದಲ ಆಗುತ್ತಾರೆ, ಅಮ್ಮನ ಮೀಟರಿನಲ್ಲಿ ಯಾವ ಅಳತೆ ಇದೆ ಅಂತ ನೋಡಿ ಅದನ್ನೂ ಸೇರಿಸಿ ಹೇಳಿ. ಪಟ್ಟಿ ತಯಾರಾದ ಮೇಲೆ ಯಾವುದಾದರೂ ಮಾತ್ರೆಯ ಮೂಲ ಹೆಸರು ತಿಳಿಯದಿದ್ದರೆ ಹತ್ತಿರದ ಫಾರ್ಮಸಿಗೆ ಡಬ್ಬಿ ತಗೊಂಡು ಹೋಗಿ. ಒಳಗಿನ ಔಷಧಿ ಯಾವುದು ಅಂತ ಅವರು ಓದಿ ಹೇಳುತ್ತಾರೆ.